ಕೂಸಿನ ತುತ್ತಿಗೆ ಯಾರು ಹೊಣೆ?



ಸಂಬಳ, ತುಟ್ಟಿಭತ್ತೆ, ಬೋನಸ್ಸು, ಪ್ರಾವಿಡೆಂಟ್ ಫಂಡುಗಳ ಸಂಗತಿ ಬರುವ ಈ ಪುಟದಲ್ಲಿ ಕೂಸಿಗೆ ಗಂಜಿ ತಿನ್ನಿಸುವ ಮಾತು ಯಾತಕ್ಕೆ ಎಂದು ಕೆಲವರು ಹುಬ್ಬೇರಿಸಬಹುದು. “ಅದು ಹೆಂಗಸರ ವಿಷಯ, ಮನೆಯಲ್ಲಿ ಅಜ್ಜಿ ನೋಡಿಕೊಳ್ಳುತ್ತಾರೆ, ಸಂಘಕ್ಕೇನು ಕೆಲಸ?” ಎನ್ನುವವರೂ ನಮ್ಮಲ್ಲಿದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ. ನಾವು ಹೆಚ್ಚಿನ ಸಂಬಳ ಕೇಳುವುದು ಯಾತಕ್ಕಾಗಿ? ಮನೆಯವರ ಹೊಟ್ಟೆಗಾಗಿ ಅಲ್ಲವೇ? ಆ ಹೊಟ್ಟೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಕೂಸಿನದು. ತನಗೆ ಬೇಕಾದುದನ್ನು ಕೇಳಲು ಮಾತು ಬಾರದ್ದೂ ಅದೊಂದೇ. ಹೀಗಿರುವಲ್ಲಿ ಅದರ ತುತ್ತಿನ ವಿಚಾರ ನಮ್ಮದಲ್ಲವೆಂದರೆ ಮತ್ತೆ ಯಾವುದು ನಮ್ಮದು?

ಇದು ಹೊಸ ಮಾತೂ ಅಲ್ಲ. ೧೯೨೦ರ ದಶಕದಲ್ಲಿ ಮುಂಬಯಿ ಸರಕಾರ ನೇಮಿಸಿದ್ದ ಲೇಡಿ ಡಾಕ್ಟರರೊಬ್ಬರು ಗಿರಣಿಯ ಹೆಂಗಸರ ಬಾಳನ್ನು ತನಿಖೆ ಮಾಡಿದರು. ತಾಯಿ ಯಂತ್ರದ ಮುಂದೆ ನಿಂತಿರುವಾಗ ಕೂಸು ಹಸಿದು ಅಳಬಾರದೆಂದು ಅದಕ್ಕೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸುವ ರೂಢಿ ಎಷ್ಟು ವ್ಯಾಪಕವಾಗಿದೆ ಎಂಬುದು ಆಗ ಹೊರಬಿತ್ತು. ತಾಯಂದಿರು ಕಟುಕರಾಗಿದ್ದರೇ? ಖಂಡಿತ ಅಲ್ಲ. ಹಾಲೂಡಲು ಬಿಡುವಿರಲಿಲ್ಲ, ಗಂಜಿ ಬೇಯಿಸಿ ತಿನ್ನಿಸಲು ಮನೆಯಲ್ಲಿ ಜನವಿರಲಿಲ್ಲ. ಮುಂದೆ ೧೯೨೮ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ೧೯೨೯ರಲ್ಲಿ ಅದು ಕಾಯಿದೆಯಾಯಿತು. ಕೂಸಿನ ಹಸಿವು ಅಂದೇ ಕಾರ್ಮಿಕರ ಪ್ರಶ್ನೆಯಾಗಿತ್ತು. ೧೯೮೨ರ ಮುಷ್ಕರದ ಬಳಿಕ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪ್ರಶ್ನೆ ಮಾತ್ರ ನಮ್ಮ ಚಾಳುಗಳಲ್ಲಿ, ಝೋಪಡಿಗಳಲ್ಲಿ, ಪವರ್‌ಲೂಮಿನ ಓಣಿಗಳಲ್ಲಿ ಹಾಗೆಯೇ ಉಳಿದಿದೆ.

ಆರು ತಿಂಗಳ ನಂತರ

ಹುಟ್ಟಿದಂದಿನಿಂದ ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು, ನೀರು ಕೂಡ ಬೇಡ. ೨೦೦೧ರಲ್ಲಿ ವಿಶ್ವ ಆರೋಗ್ಯ ಸಭೆ ಇದನ್ನೇ ಎಲ್ಲ ದೇಶಗಳಿಗೆ ಹೇಳಿತು. ಆರು ತಿಂಗಳಾದ ಮೇಲೆ ತಾಯಿಯ ಹಾಲನ್ನು ನಿಲ್ಲಿಸಬಾರದು, ಎರಡು ವರ್ಷ ಮತ್ತು ಅದರಾಚೆಗೂ ಕೊಡಬೇಕು. ಆದರೆ ಅದೊಂದೇ ಇನ್ನು ಸಾಲದು. ಆರರಿಂದ ಎಂಟು ತಿಂಗಳ ಕೂಸಿಗೆ ಹಾಲಿನ ಮೇಲೆ ದಿನಕ್ಕೆ ಸುಮಾರು ೨೦೦ ಕ್ಯಾಲರಿಯಷ್ಟು ಆಹಾರ ಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ೩೦೦, ಒಂದು ವರ್ಷ ದಾಟಿದ ಮೇಲೆ ೫೫೦.

ಅದಕ್ಕಿಂತಲೂ ದೊಡ್ಡ ಕೊರತೆ ಕಬ್ಬಿಣದ ಅಂಶದ್ದು. ಹುಟ್ಟುವಾಗ ತಾಯಿಯ ಗರ್ಭದಿಂದ ತಂದ ಬಂಡವಾಳ ಸುಮಾರು ಆರು ತಿಂಗಳಲ್ಲಿ ಕರಗುತ್ತದೆ. ತಾಯಿಯ ಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಹೊರಗಿನಿಂದ ಬಾರದಿದ್ದರೆ ಕೂಸು ಬಿಳಿಚಿಕೊಳ್ಳುತ್ತದೆ, ಆಡುವ ಉತ್ಸಾಹ ಕಳೆದುಕೊಳ್ಳುತ್ತದೆ, ಬುದ್ಧಿಯ ಬೆಳವಣಿಗೆಯೂ ಕುಗ್ಗುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿಗೆ ರಕ್ತಹೀನತೆ ಕಂಡಿತು. ಅದೇ ಸಮೀಕ್ಷೆಯಂತೆ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ತಾಯಿಯ ಹಾಲಿನೊಂದಿಗೆ ಗಟ್ಟಿ ಇಲ್ಲವೇ ಮೆತ್ತಗಿನ ಆಹಾರ ಸಿಗುತ್ತಿದ್ದುದು ನೂರಕ್ಕೆ ೪೬ಕ್ಕೆ ಮಾತ್ರ. ಎರಡು ವರ್ಷದೊಳಗೆ ಸಾಕಷ್ಟು ಬಾರಿ, ಸಾಕಷ್ಟು ಬಗೆಯ ಆಹಾರ ಪಡೆಯುತ್ತಿದ್ದವು ನೂರಕ್ಕೆ ಹನ್ನೊಂದು. ಇದು ಇಡೀ ದೇಶದ ಲೆಕ್ಕ. ಬಡವರೊಂದೇ ಅಲ್ಲ, ಉಳ್ಳವರ ಮನೆಯ ಕೂಸುಗಳೂ ಇದರಲ್ಲಿವೆ. ಅಂದ ಮೇಲೆ ದುಡ್ಡಿನ ಕೊರತೆಯ ಜೊತೆಗೆ ತಿಳಿವಳಿಕೆಯ ಕೊರತೆಯೂ ಇದೆಯೆಂದು ಒಪ್ಪಬೇಕು.

ನಮ್ಮವರಲ್ಲಿ ಕಾಣುವ ನಾಲ್ಕು ತಪ್ಪುಗಳು

ಮೊದಲನೆಯದು ತಡ ಮಾಡುವುದು. ಊರಿಗೆ ಹೋಗಿ ದೇವಸ್ಥಾನದಲ್ಲಿ ಅನ್ನಪ್ರಾಶನ ಮಾಡಿಸಿದ ಮೇಲೆಯೇ ಕೂಸಿಗೆ ಅನ್ನ ಎಂಬುದು ನಮ್ಮ ಅನೇಕರ ಮನೆಯ ಪದ್ಧತಿ. ಪದ್ಧತಿ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಊರಿಗೆ ಹೋಗಲು ರಜೆ ಬೇಕು. ರಜೆ ಕೇಳಿದರೆ ಮಾಲಕರು “ಸೀಸನ್ ಮುಗಿಯಲಿ” ಎನ್ನುತ್ತಾರೆ. ಸೀಸನ್ ಮುಗಿದರೆ ರೈಲಿನಲ್ಲಿ ಜಾಗವಿಲ್ಲ. ಜಾಗ ಸಿಕ್ಕಿದರೆ ಮನೆಯಲ್ಲಿ ಸೂತಕ. ಹೀಗೆ ಆರು ತಿಂಗಳು ಎಂಟಾಗುತ್ತದೆ, ಎಂಟು ಹತ್ತಾಗುತ್ತದೆ. ನಮ್ಮ ಕೆಲಸದ ಪಟ್ಟಿ ನೋಡಿಕೊಂಡು ಕೂಸಿನ ಮೈ ಬೆಳೆಯುವುದಿಲ್ಲ. ದಿನ ತುಂಬಿದ ಕೂಡಲೇ ಖೋಲಿಯಲ್ಲಿಯೇ ದೀಪ ಹಚ್ಚಿ, ದೇವರಿಗೆ ಕೈಮುಗಿದು, ಮೊದಲ ತುತ್ತು ಕೊಡಿರಿ. ಊರಿನ ಹರಕೆಯನ್ನು ಅನುಕೂಲವಾದಾಗ ತೀರಿಸಿರಿ. ಹೆಣ್ಣು ಕೂಸಿಗೆ ಬೆಸ ತಿಂಗಳು ಎಂಬ ಶಾಸ್ತ್ರ ಹಿಡಿದು ಐದನೆಯ ತಿಂಗಳಿಗೇ ಅನ್ನ ಕೊಡುವವರೂ ಇದ್ದಾರೆ. ಅವಸರ ಬೇಡ. ಆರು ತುಂಬಿ ಏಳು ನಡೆಯುವಾಗ ಮಾಡಿದರೆ ಅದೂ ಬೆಸವೇ. ಅನ್ನಪ್ರಾಶನದ ದಿನವಾಗಲಿ ಬೇರೆ ದಿನವಾಗಲಿ, ಒಂದು ವರ್ಷದ ಮೊದಲು ಜೇನು ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ದೊಡ್ಡವರಿಗೆ ಏನೂ ಮಾಡದು, ಕೂಸಿನ ಜೀವಕ್ಕೆ ಸಂಚಕಾರ ತರಬಲ್ಲದು.

ಎರಡನೆಯದು ತಿಳಿ ಮಾಡುವುದು. ಗಂಜಿಯ ತಿಳಿ, ಬೇಳೆಯ ಕಟ್ಟು, ಹಣ್ಣಿನ ನೀರು: ಇವನ್ನೇ ಕುಡಿಸಿ ಕೂಸಿಗೆ ಹೊಟ್ಟೆ ತುಂಬಿತು ಎನ್ನುತ್ತೇವೆ. ತುಂಬುವುದು ನಿಜ, ನೀರಿನಿಂದ. ಕೂಸಿನ ಹೊಟ್ಟೆ ಹಿಡಿಯುವುದು ಮೈತೂಕದ ಕಿಲೋ ಒಂದಕ್ಕೆ ಸುಮಾರು ೩೦ ಮಿಲಿಲೀಟರು. ಎಂಟು ಕಿಲೋದ ಕೂಸಿಗೆ ೨೪೦, ಅಂದರೆ ಒಂದು ಲೋಟದಷ್ಟು. ಅಷ್ಟು ಸಣ್ಣ ಜಾಗಕ್ಕೆ ನೀರು ತುಂಬಿದರೆ ಅನ್ನಕ್ಕೆ ಎಡೆಯೆಲ್ಲಿ? ಗಿರಾಕಿ ಹೆಚ್ಚಾದಾಗ ಸಾಂಬಾರಿಗೆ ನೀರು ಬೆರೆಸುವ ವಿದ್ಯೆ ನಮಗೆ ಗೊತ್ತಿದ್ದದ್ದೇ. ಗಿರಾಕಿ ಒಂದೇ ಚಮಚದಲ್ಲಿ ಅದನ್ನು ಗುರುತು ಹಿಡಿದು ಕೌಂಟರಿನಲ್ಲಿ ದೂರುತ್ತಾನೆ. ಕೂಸು ಯಾರಲ್ಲಿ ದೂರಬೇಕು? ಆದುದರಿಂದ ಗುರುತು ಇದು: ಚಮಚವನ್ನು ಓರೆ ಮಾಡಿದರೆ ಆಹಾರ ಸುರಿದುಹೋಗಬಾರದು, ಚಮಚದಲ್ಲಿ ನಿಲ್ಲಬೇಕು.

ಮೂರನೆಯದು ಚಹಾ. ಇದನ್ನು ಬರೆಯುವಾಗ ನಮ್ಮ ಕಸಬಿನವರು ನನ್ನ ಮೇಲೆ ಸಿಟ್ಟಾಗಬಹುದು. ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿಯುವಾಗ ಕೂಸು ಕೈ ಚಾಚುತ್ತದೆ. ತಂದೆ ಮುದ್ದಿನಿಂದ ಬಸಿಯಲ್ಲಿ ಎರಡು ಗುಟುಕು ಆರಿಸಿ ಕುಡಿಸುತ್ತಾನೆ, ಬಿಸ್ಕತ್ತು ಅದ್ದಿ ತಿನ್ನಿಸುತ್ತಾನೆ. ನೋಡಲು ಚೆಂದ. ಆದರೆ ಚಹಾದ ಒಗರು ಅನ್ನದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಮೊದಲೇ ಕಬ್ಬಿಣದ ಬರಗಾಲ, ಅದಕ್ಕೆ ಇದೊಂದು ಅಡ್ಡಗೋಡೆ. ಬಿಸ್ಕತ್ತಿನ ಮೈದಾ ಸಕ್ಕರೆಗಳಿಂದ ಹಸಿವೆ ಸಾಯುತ್ತದೆ, ಮೈ ಬೆಳೆಯುವುದಿಲ್ಲ. ಎಂಟನೆಯ ತರಗತಿ ಮುಗಿಸಿ ಮುಂಬಯಿಗೆ ಬಂದ ನಾನು ವರ್ಷಗಟ್ಟಲೆ ಚಹಾ ಹಂಚಿದವನು, ಚಹಾದ ಮೇಲೆ ನನಗೆ ಹಗೆಯಿಲ್ಲ. ದುಡಿದು ಬಂದ ಗಂಡಸಿಗೂ ಹೆಂಗಸಿಗೂ ಅದು ಇರಲಿ, ಕೂಸಿಗೆ ಬೇಡ.

ನಾಲ್ಕನೆಯದು ಡಬ್ಬ. ನಮ್ಮಲ್ಲಿ ಅನೇಕರ ಸಂಸಾರ ಊರಿನಲ್ಲಿಯೇ ಇದೆ. ವರ್ಷಕ್ಕೊಮ್ಮೆ ಹೋಗುವ ತಂದೆ ಬರಿಗೈಯಲ್ಲಿ ಹೋಗಲಾರ. ಪೇಟೆಯ ಕಳೆ ಇರುವ ಏನಾದರೂ ಬೇಕು. ಬಣ್ಣದ ಡಬ್ಬ ಕೊಳ್ಳುತ್ತಾನೆ. ಅದು ಮುಗಿದ ಮೇಲೆ ಮನೆಯವಳು ಫೋನಿನಲ್ಲಿ “ಕೂಸು ಬೇರೆ ಏನನ್ನೂ ಮುಟ್ಟುವುದಿಲ್ಲ, ದುಡ್ಡು ಕಳಿಸಿರಿ” ಎನ್ನುತ್ತಾಳೆ. ಏಕೆ ಮುಟ್ಟುವುದಿಲ್ಲ? ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ ೨೦೨೪ರ ಎಪ್ರಿಲಿನಲ್ಲಿ ಪ್ರಕಟಿಸಿದ ವರದಿಯಂತೆ, ಭಾರತದಲ್ಲಿ ಮಾರುತ್ತಿದ್ದ ಸೆರೆಲ್ಯಾಕಿನ ಬಗೆಗಳಲ್ಲಿ ಹೊತ್ತಿಗೆ ಸರಾಸರಿ ಸುಮಾರು ೩ ಗ್ರಾಮ್ ಸಕ್ಕರೆ ಬೆರೆತಿತ್ತು, ಅದೇ ಕಂಪೆನಿ ಸ್ವಿಟ್ಜರ್ಲೆಂಡಿನಲ್ಲಿ ಮಾರುವ ಕೂಸಿನ ಆಹಾರದಲ್ಲಿ ಬೆರೆತಿರಲಿಲ್ಲ. ಗದ್ದಲವಾದ ಮೇಲೆ ಸಕ್ಕರೆ ಬೆರೆಸದ ಬಗೆಗಳನ್ನೂ ಕಂಪೆನಿ ತಂದಿತು. ಕೊಳ್ಳಲೇಬೇಕಾದರೆ ಡಬ್ಬದ ಹಿಂಬದಿಯ ಸಣ್ಣ ಅಕ್ಷರ ಓದಿ ಕೊಳ್ಳಿರಿ. ಎರಡು ವರ್ಷದೊಳಗಿನ ಕೂಸಿನ ಆಹಾರ, ಹಾಲಿನ ಪುಡಿ, ಬಾಟ್ಲಿಗಳ ಜಾಹೀರಾತನ್ನು ೧೯೯೨ರ ಕಾಯಿದೆ, ಅದಕ್ಕೆ ೨೦೦೩ರಲ್ಲಾದ ತಿದ್ದುಪಡಿ ನಿಷೇಧಿಸಿವೆ. ಸರಕಾರ ಸುಮ್ಮನೆ ಹಾಗೆ ಮಾಡಿತೇ?

ಡಬ್ಬವೆಲ್ಲ ವಿಷವೆಂದು ನಾನು ಕೂಗುವುದಿಲ್ಲ. ತಾಯಿಯ ಹಾಲು ಸಿಗದ ಕೂಸಿನ ಮಾತು ಬೇರೆ, ಅದನ್ನು ಡಾಕ್ಟರರು ಹೇಳಬೇಕು. ನಮ್ಮ ಮೈಸೂರಿನ ಆಹಾರ ಸಂಶೋಧನಾಲಯವೇ ಎಮ್ಮೆಯ ಹಾಲಿನಿಂದ ಕೂಸಿನ ಹಾಲಿನ ಪುಡಿ ಮಾಡುವ ವಿಧಾನ ಕಂಡುಹಿಡಿದು ದೇಶಕ್ಕೆ ಉಪಕಾರ ಮಾಡಿದೆ. ನನ್ನ ವಾದವಿಷ್ಟೇ: ತಾಯಿಯ ಹಾಲೂ ಮನೆಯಲ್ಲಿ ಒಲೆಯೂ ಇರುವಲ್ಲಿ ಕೂಲಿಯವನ ಬೆವರಿನ ದುಡ್ಡು ಡಬ್ಬಕ್ಕೆ ಸೋರಬಾರದು. ಅಂಗಡಿಯಲ್ಲಿ ಕ್ರಯ ಕೇಳಿ ನೋಡಿರಿ. ಒಂದು ಡಬ್ಬದ ಹಣಕ್ಕೆ ರಾಗಿಯೂ ಬೇಳೆಯೂ ಕಿಲೋ ಲೆಕ್ಕದಲ್ಲಿ ಬರುತ್ತವೆ.

ಹಾಗಾದರೆ ಏನು ಕೊಡಬೇಕು?

ನಮ್ಮ ಹಿರಿಯರು ಕೊಡುತ್ತಿದ್ದುದನ್ನೇ, ಇನ್ನಷ್ಟು ತಿಳಿದು ಕೊಡಬೇಕು. ಘಟ್ಟದ ಕೆಳಗಿನವರು ರಾಗಿಯ ಮಣ್ಣಿ ಎನ್ನುತ್ತಾರೆ, ಮೈಸೂರ ಕಡೆಯವರು ರಾಗಿ ಸರಿ ಎನ್ನುತ್ತಾರೆ, ವಿಜಾಪುರ, ಕಲಬುರ್ಗಿಯ ಕಡೆ ಜೋಳದ ನುಚ್ಚು ಮಾಡುತ್ತಾರೆ. ನೂರು ಗ್ರಾಮ್ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ ಜರಡಿ ಹಿಡಿದರೆ ಹಿಟ್ಟು ತಯಾರು. ಮೊಳಕೆಯ ಗುಣವೇನೆಂದರೆ, ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಅಂಟಿನಂತೆ ಬಿಗಿಯುವುದಿಲ್ಲ. ಅದೇ ಬಟ್ಟಲಿನಲ್ಲಿ ಹೆಚ್ಚು ಸತ್ವ ಹಿಡಿಯುತ್ತದೆ. ಬೀಸಲು ಅನುಕೂಲವಿಲ್ಲದವರು ಮೆತ್ತಗೆ ಬೆಂದ ಅನ್ನಕ್ಕೆ ಹೆಸರುಬೇಳೆ, ಒಂದು ತುಂಡು ಸಿಹಿಗುಂಬಳ ಇಲ್ಲವೇ ಗಜ್ಜರಿ, ಒಂದು ಹಿಡಿ ಸೊಪ್ಪು ಸೇರಿಸಿ ಬೇಯಿಸಿ ಕಿವುಚಿರಿ. ಮೇಲೆ ಒಂದು ಚಮಚ ತುಪ್ಪ ಇಲ್ಲವೇ ಎಣ್ಣೆ, ಎರಡು ತೊಟ್ಟು ಲಿಂಬೆರಸ. ತುಪ್ಪದಿಂದ ಶಕ್ತಿ ಹೆಚ್ಚುತ್ತದೆ, ಲಿಂಬೆ ಸೊಪ್ಪು ಬೇಳೆಗಳ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಊರಿಗೆಲ್ಲ ಬಡಿಸುವ ಇಡ್ಲಿಯೂ ಕೂಸಿಗೆ ಒಳ್ಳೆಯದು, ಚಟ್ನಿ ಬಿಟ್ಟು ಬೇಳೆಯಲ್ಲಿ ಕಿವುಚಿ ಕೊಡಿರಿ. ಬಾಳೆಹಣ್ಣು ಎಲ್ಲೆಡೆ ಸಿಗುತ್ತದೆ. ಉಪ್ಪು, ಸಕ್ಕರೆ, ಬೆಲ್ಲಗಳು ಒಂದು ವರ್ಷದವರೆಗೆ ಬೇಡ. ಅಡಿಗೆಗೆ ಉಪ್ಪು ಖಾರ ಬೀಳುವ ಮೊದಲೇ ಕೂಸಿನ ಪಾಲನ್ನು ಬೇರೆ ತೆಗೆದಿಡಿರಿ.

ಮೊಟ್ಟೆ ಮೀನು ತಿನ್ನುವ ಮನೆಯವರು “ಹಲ್ಲು ಬರಲಿ” ಎಂದು ಕಾಯಬೇಕಾದುದಿಲ್ಲ. ಆರು ತಿಂಗಳ ನಂತರ ಪೂರ್ತಿ ಬೆಂದ ಮೊಟ್ಟೆ, ಮುಳ್ಳು ಒಂದೂ ಇಲ್ಲದಂತೆ ಬಿಡಿಸಿದ ಮೀನು ಕೊಡಬಹುದು. ತಾವು ಬಂಗುಡೆ ತಿಂದು ಕೂಸಿಗೆ ಬರೀ ಗಂಜಿ ಕೊಡುವುದು ನ್ಯಾಯವಲ್ಲ. ತಿನ್ನದ ಮನೆಯವರು ಬೇಳೆ, ಮೊಸರು, ಸೊಪ್ಪುಗಳನ್ನು ದಿನವೂ ತಪ್ಪಿಸಬಾರದು.

ಕುತ್ತಿಗೆ ನಿಂತು, ಆಸರೆ ಕೊಟ್ಟರೆ ಕೂತು, ಚಮಚವನ್ನು ನಾಲಿಗೆಯಿಂದ ಹೊರಗೆ ತಳ್ಳದೆ ಇದ್ದರೆ ಕೂಸು ಸಿದ್ಧವಾಗಿದೆ ಎಂದರ್ಥ. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಬಾರಿ. ಎಂಟು ತಿಂಗಳೊಳಗೆ ಮೆಲ್ಲನೆ ಅರ್ಧ ಬಟ್ಟಲಿಗೆ ಏರಿಸಿರಿ. ಒಂಬತ್ತು ತಿಂಗಳಿಂದ ಮೂರು ನಾಲ್ಕು ಬಾರಿ, ನಡುವೆ ಹಣ್ಣು ಗಿಣ್ಣು. ಒಂದು ವರ್ಷಕ್ಕೆ ಮನೆಯವರು ಉಣ್ಣುವುದನ್ನೇ ಮೆತ್ತಗೆ ಮಾಡಿ, ಬಟ್ಟಲ ಮುಕ್ಕಾಲು ಪಾಲಿನಿಂದ ಪೂರ್ತಿಯವರೆಗೆ. ಹೊಸದನ್ನು ಒಂದೊಂದಾಗಿ, ಮೂರು ನಾಲ್ಕು ದಿನ ಬಿಟ್ಟು ಸೇರಿಸಿದರೆ ಯಾವುದು ಒಗ್ಗಲಿಲ್ಲವೆಂದು ತಿಳಿಯುತ್ತದೆ. ಒಮ್ಮೆ ಉಗುಳಿದರೆ ಬೇಡವೆಂದು ಅರ್ಥವಲ್ಲ. ಹೊಸ ರುಚಿ ನಾಲಿಗೆಗೆ ಒಗ್ಗಲು ಎಂಟು ಹತ್ತು ಸಲವೂ ಬೇಕಾದೀತು. ಬಾಯಿಗೆ ತುರುಕಬೇಡಿರಿ. ಇಡೀ ಶೇಂಗಾ ಬೀಜ, ದ್ರಾಕ್ಷಿ, ಕಡಲೆಗಳನ್ನು ಕೈಗೆ ಕೊಡಲೇಬೇಡಿರಿ, ಗಂಟಲಿಗೆ ಸಿಕ್ಕಿ ಉಸಿರು ಕಟ್ಟುತ್ತದೆ.

ಶುಚಿಯ ಪಾಠ ಹೋಟೆಲಿನವರಿಗೆ ಹೇಳಬೇಕಾದುದಿಲ್ಲ, ಆದರೂ ಒಂದು ಮಾತು. ಸಾಬೂನಿನಿಂದ ಕೈ ತೊಳೆಯಿರಿ, ನೀರು ಕುದಿಸಿ ಆರಿಸಿರಿ, ಬಟ್ಟಲು ಚಮಚ ಇಲ್ಲವೇ ಹಳೆಯ ಒಳಲೆ ಸಾಕು, ಬಾಟ್ಲಿ ಬೇಡ. ಅದರ ರಬ್ಬರಿನ ಮೂಲೆಗಳನ್ನು ತೊಳೆಯುವುದು ನಲ್ಲಿಯ ಮುಂದೆ ಸಾಲು ನಿಲ್ಲುವ ಚಾಳಿನಲ್ಲಿ ಆಗುವ ಕೆಲಸವಲ್ಲ. ಮಾಡಿದ್ದನ್ನು ಎರಡು ಗಂಟೆಯೊಳಗೆ ತಿನ್ನಿಸಿರಿ, ಉಳಿದದ್ದನ್ನು ರಾತ್ರಿಗೆ ಇಡಬೇಡಿರಿ. ಭೇದಿಯಾದರೆ ಊಟ ನಿಲ್ಲಿಸುವುದು ದೊಡ್ಡ ತಪ್ಪು. ಓ.ಆರ್.ಎಸ್. ಕುಡಿಸುತ್ತಾ, ತಾಯಿಯ ಹಾಲೂ ಗಂಜಿಯೂ ಮುಂದುವರಿಸುತ್ತಾ, ಆಸ್ಪತ್ರೆಗೆ ಹೋಗಿರಿ.

ಹೊಣೆ ಯಾರದು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇದೆಲ್ಲವನ್ನೂ ಓದಿ ಮನೆಯವಳಿಗೆ ಒಪ್ಪಿಸಿ ಕೈ ತೊಳೆದುಕೊಂಡರೆ ಆಯಿತೇ? ದಿನಕ್ಕೆ ಮೂರು ನಾಲ್ಕು ಬಾರಿ, ಅರ್ಧ ಅರ್ಧ ಗಂಟೆ ಕೂತು ತಿನ್ನಿಸಬೇಕು. ನೀರು ತರುವವಳು, ಅಡಿಗೆ ಮಾಡುವವಳು, ನಾಲ್ಕು ಮನೆಯ ಪಾತ್ರೆ ತಿಕ್ಕುವವಳು ಅವಳೊಬ್ಬಳೇ ಆದರೆ ತಿಳಿಗಂಜಿಯೂ ಬಿಸ್ಕತ್ತೂ ಬರುವುದು ಸಹಜ. ಬೇಗ ಮುಗಿಯುವುದು ಅವೇ ಅಲ್ಲವೇ? ನೂರು ಜನರಿಗೆ ಬಡಿಸಿ ಅಭ್ಯಾಸವಿರುವ ಕೈ ತನ್ನ ಕೂಸಿಗೆ ಎರಡು ಹೊತ್ತು ತಿನ್ನಿಸಲು ನಾಚಬಾರದು. ಸಂಸಾರ ಊರಿನಲ್ಲಿದ್ದವರು ಫೋನಿನಲ್ಲಿ “ಕೂಸು ಹೇಗಿದೆ?” ಎಂದಷ್ಟೇ ಕೇಳದೆ “ಈ ಹೊತ್ತು ಏನು ತಿಂದಿತು? ತೂಕ ಎಷ್ಟಾಯಿತು?” ಎಂದು ಕೇಳಲಿ. ಇದು ತಂದೆಯ ಹೊಣೆ.

ಸರಕಾರದ ಹೊಣೆಯೂ ಇದೆ. ೧೯೭೫ರ ಅಕ್ಟೋಬರ್ ೨ರಂದು ಆರಂಭವಾದ ಅಂಗನವಾಡಿ ಯೋಜನೆ ಈ ವಯಸ್ಸಿನ ಕೂಸುಗಳಿಗಾಗಿಯೂ ಇದೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಮನೆಗೆ ಒಯ್ಯುವ ಆಹಾರ ಕೊಡಬೇಕೆಂದು ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಹೇಳುತ್ತದೆ. ಮುಂಬಯಿಯಲ್ಲಿ ಹುಟ್ಟಿದವರಿಗೆ ಮಾತ್ರ ಎಂದು ಅದರಲ್ಲಿ ಬರೆದಿಲ್ಲ. ಭಾಷೆ ಬಾರದೆಂದು ಹಿಂಜರಿಯದೆ ನಮ್ಮ ಅಕ್ಕ ತಂಗಿಯರು ಹೆಸರು ಬರೆಸಬೇಕು, ತಿಂಗಳಿಗೊಮ್ಮೆ ತೂಕ ಹಾಕಿಸಬೇಕು. ಊರಿನಲ್ಲಿ ಕೂಲಿಗೆ ಹೋಗುವ ತಾಯಂದಿರು ಕರ್ನಾಟಕ ಸರಕಾರ ೨೦೨೩ರ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’ ತಮ್ಮ ಪಂಚಾಯತಿಯಲ್ಲಿ ಇದೆಯೇ ಎಂದು ವಿಚಾರಿಸಲಿ.

ಮಾಲಕರ ಹೊಣೆ? ಐವತ್ತು ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವಲ್ಲಿ ಶಿಶುಮಂದಿರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬರಬಹುದು ಎಂದು ೨೦೧೭ರಲ್ಲಿ ಕಾಯಿದೆಯಾಯಿತು. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದೇ ಮಾತಿದೆ. ನಮ್ಮ ಹೆಚ್ಚಿನ ಹೋಟೆಲುಗಳಲ್ಲಿ ಅಷ್ಟು ಜನರಿಲ್ಲ, ಇದ್ದಲ್ಲಿಯೂ ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ಹೆಂಗಸರನ್ನು ಗುತ್ತಿಗೆಯವರೆಂದು ಲೆಕ್ಕದಿಂದ ಬಿಡುತ್ತಾರೆ. ಕೂಡಿ ಸೌಕರ್ಯ ಮಾಡಿಕೊಳ್ಳಲು ಕಾಯಿದೆಯಲ್ಲಿ ಎಡೆಯಿದೆ. ಒಂದು ಬೀದಿಯ ಐದಾರು ಹೋಟೆಲುಗಳು ಸೇರಿ ಒಂದು ಕೋಣೆ, ಒಬ್ಬ ಆಯಾ ಇಡಲಾರವೇ?

ರಜೆಯ ಮಾತು. ಮಹಾರಾಷ್ಟ್ರದ ೨೦೧೭ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವರ್ಷಕ್ಕೆ ಎಂಟು ದಿನ ಸಾಂದರ್ಭಿಕ ರಜೆ ಕೊಟ್ಟಿದೆ. ೨೪೦ ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ಸಂಬಳ ಸಹಿತ ರಜೆಯೂ ಇದೆ. ಸಣ್ಣ ಹೋಟೆಲುಗಳಿಗೆ ಇದು ಪೂರ್ತಿ ತಾಗದಿರುವುದು ನಮ್ಮ ದೌರ್ಭಾಗ್ಯ. ಹೀಗಿದ್ದರೂ ಮುಂದಿನ ಒಪ್ಪಂದದಲ್ಲಿ ನಮ್ಮ ಸಂಘ ಒಂದು ಕಲಮು ಸೇರಿಸಲೇಬೇಕೆಂದು ನನ್ನ ಅಭಿಪ್ರಾಯ: ಹೋಟೆಲು ದೊಡ್ಡದಿರಲಿ ಸಣ್ಣದಿರಲಿ, ಕೂಸಿಗೆ ಆರು ತಿಂಗಳು ತುಂಬಿದ ತಂದೆಗೆ ಊರಿಗೆ ಹೋಗಿ ಬರಲು ಏಳು ದಿನ ಸಂಬಳ ಸಹಿತ ರಜೆ. ಏಳು ದಿನದಲ್ಲಿ ಅನ್ನಪ್ರಾಶನವೂ ಆಗುತ್ತದೆ, ಮೊದಲ ವಾರ ಹೇಗೆ ತಿನ್ನಿಸಬೇಕೆಂದು ತಂದೆಯೂ ಕಲಿಯುತ್ತಾನೆ. “ಇದಕ್ಕೂ ರಜೆಯೇ?” ಎಂದು ಮಾಲಕರು ನಗಬಹುದು. ವಾರದ ರಜೆ ಕೇಳಿದಾಗಲೂ ನಕ್ಕವರಿದ್ದರು.

ಸಂಘದ ಹೊಣೆ ಮೇಲಿನ ಮೂವರನ್ನೂ ಎಚ್ಚರಿಸುವುದು. ಪ್ರತಿ ಶಾಖೆಯೂ ತನ್ನ ಸದಸ್ಯರಲ್ಲಿ ಯಾರ ಮನೆಯಲ್ಲಿ ವರ್ಷದೊಳಗಿನ ಕೂಸಿದೆ ಎಂದು ಪಟ್ಟಿ ಮಾಡಲಿ. ಆರು ತಿಂಗಳು ತುಂಬುವ ತಾರೀಕನ್ನು ಅದರ ಮುಂದೆ ಬರೆಯಲಿ. ವರ್ಗಣಿ ವಸೂಲಿಗೆ ಹೋಗುವ ಕಾರ್ಯಕರ್ತರು ಆ ಮನೆಯಲ್ಲಿ ಎರಡು ನಿಮಿಷ ನಿಂತು, ಅಂಗನವಾಡಿಯಲ್ಲಿ ಹೆಸರು ಬರೆಸಿದ್ದಾರೆಯೇ, ಗಂಜಿ ಚಮಚದಲ್ಲಿ ನಿಲ್ಲುತ್ತದೆಯೇ ಎಂದು ವಿಚಾರಿಸಲಿ. ಇದಕ್ಕೆ ಖರ್ಚಿಲ್ಲ, ಠರಾವು ಬೇಕಿಲ್ಲ. ಬರುವ ಭಾನುವಾರದಿಂದಲೇ ಆರಂಭಿಸಬಹುದು. ಆರಂಭಿಸೋಣ.